ಕಿತ್ತ ಹಲ್ಲನ್ನು ಅದೇ ಗೂಡಿಗೆ ವಾಪಸ್ ಕೂರಿಸುವಾಗ ಬೇರಿನ ಮೈ ಕಾಪಾಡೋದು ಹೇಗೆ? ಗೊತ್ತಿದ್ದವರು ಹೇಳಿ

ರಾಜಾಜಿನಗರದವ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಕೆಳದವಡೆಯ ಬಲಗಡೆ ಎರಡನೇ ದವಡೆ ಹಲ್ಲಿಗೆ 2019ರಲ್ಲಿ ರೂಟ್ ಕೆನಾಲ್ ಆಯ್ತು. ಎರಡು ವರ್ಷಕ್ಕೆ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒತ್ತಿದರೆ ಕೀವು. ಬಿಚ್ಚಿ ಇನ್ನೊಮ್ಮೆ ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕಿದರು. ಈಗ ಅದೇ ಜಾಗದಲ್ಲಿ ಅದೇ ಗುಳ್ಳೆ. ನೋವು ಅಷ್ಟೇನಿಲ್ಲ, ಬೆಳಿಗ್ಗೆ ಎದ್ದಾಗ ಮಾತ್ರ ಬಾಯಲ್ಲಿ ಕೆಟ್ಟ ರುಚಿ.

ಈ ಸಲ ಮಲ್ಲೇಶ್ವರದಲ್ಲಿ ರೂಟ್ ಕೆನಾಲ್ ಮಾತ್ರವೇ ಮಾಡುವ ಡಾಕ್ಟ್ರ ಹತ್ತಿರ ಹೋದೆ. ಸಿಬಿಸಿಟಿ ಸ್ಕ್ಯಾನ್ (ಹಲ್ಲು, ಮೂಳೆಯ ಮೂರು ಆಯಾಮದ ಎಕ್ಸ್‌ರೇ) ಮಾಡಿಸಿ ನೋಡಿದರು. ಬೇರಿನ ತುದಿಯಲ್ಲಿ ಸೋಂಕು ಉಳಿದಿದೆಯಂತೆ. ಮುಂದಿನ ಹಲ್ಲಾಗಿದ್ದರೆ ವಸಡು ಕುಯ್ದು ತುದಿ ಕತ್ತರಿಸಿ ಮುಚ್ಚಬಹುದಿತ್ತು. ಇಲ್ಲಿ ಹೊರಗಡೆಯ ಮೂಳೆ ದಪ್ಪ, ಕೆಳಗೆ ನರ ಹತ್ತಿರ. ಹಾಗಾಗಿ ಹಲ್ಲನ್ನೇ ನಿಧಾನವಾಗಿ ಕಿತ್ತು, ಕೈಯಲ್ಲಿ ಹಿಡಿದು ಬೇರಿನ ತುದಿ ರಿಪೇರಿ ಮಾಡಿ, ಹದಿನೈದು ನಿಮಿಷದೊಳಗೆ ಅದೇ ಗೂಡಿಗೆ ವಾಪಸ್ ಕೂರಿಸೋಣ ಅಂದರು. ಇಂಟೆನ್ಷನಲ್ ರೀಪ್ಲಾಂಟೇಶನ್ ಅಂತ ಹೆಸರು.

ಮನೆಗೆ ಬಂದು ಹೇಳಿದರೆ ಅಮ್ಮ ಒಪ್ಪುತ್ತಿಲ್ಲ. "ಕಿತ್ತ ಹಲ್ಲನ್ನ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೀತಿದ್ವಿ. ಅದನ್ನ ವಾಪಸ್ ಬಾಯಿಗೆ ಇಟ್ಕೊಳ್ಳೋದು ಎಲ್ಲಾದ್ರೂ ಇದೆಯೇನೋ?" ಅಂತಾರೆ. ಡಾಕ್ಟ್ರು ಹೊರಡುವಾಗ ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಕೂತಿದೆ: "ತುದಿ ಮುಚ್ಚೋದು ನನಗೆ ಕಷ್ಟವಲ್ಲ. ಬೇರಿನ ಮೇಲಿನ ಪದರ ಸಾಯದಂತೆ ನೋಡಿಕೊಳ್ಳೋದೇ ಕೆಲಸ."

ಆ ಪದರ ಯಾವುದು? ಸತ್ತರೆ ಏನಾಗುತ್ತೆ? ಕುರ್ಚಿ ಮೇಲೆ ಮಲಗುವ ಮುಂಚೆ ನಾನು ಡಾಕ್ಟ್ರಿಗೆ ಏನೇನು ಕೇಳಿಕೊಳ್ಳಬೇಕು?

ಬನಶಂಕರಿ ದಂತವೈದ್ಯೆ

ನಾನು ಎಂಡೊಡಾಂಟಿಸ್ಟ್, ಅಂದರೆ ರೂಟ್ ಕೆನಾಲ್ ತಜ್ಞೆ, ಈ ಕೆಲಸ ನಾನೂ ಮಾಡುತ್ತೇನೆ. ನಿಮ್ಮ ಡಾಕ್ಟ್ರು ಹೇಳಿದ ಆ ಮಾತು ನೂರಕ್ಕೆ ನೂರು ನಿಜ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಸಂದು ಇದೆ. ಆ ಸಂದಿನ ತುಂಬ ನಾರು, ರಕ್ತನಾಳ, ಜೀವಕೋಶ. ಇದೇ ಪೆರಿಯೊಡಾಂಟಲ್ ಲಿಗಮೆಂಟ್. ನಾವು ಪಿಡಿಎಲ್ ಅಂತೀವಿ. ನಾರಿನ ಒಂದು ತುದಿ ಬೇರಿನ ಹೊರಪದರವಾದ ಸಿಮೆಂಟಮ್‌ನಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ ಹೂತಿರುತ್ತದೆ. ಹಲ್ಲು ಆ ನಾರುಗಳ ಮೇಲೆ ತೂಗುಯ್ಯಾಲೆಯ ಹಾಗೆ ಕೂತಿದೆ. ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕ ಕೂಡಲೇ ದವಡೆ ತಾನೇ ನಿಂತುಬಿಡುತ್ತದಲ್ಲ, ಆ ಸುದ್ದಿ ಮುಟ್ಟಿಸುವುದರಲ್ಲಿ ಇದರದ್ದು ದೊಡ್ಡ ಪಾಲು.

ಹಲ್ಲು ಕಿತ್ತಾಗ ಈ ಪಿಡಿಎಲ್ ನಡುವೆ ಹರಿಯುತ್ತದೆ. ಅರ್ಧ ಗೂಡಿನ ಗೋಡೆಗೆ ಉಳಿಯುತ್ತದೆ, ಅರ್ಧ ಬೇರಿನ ಮೇಲೆ ಬರುತ್ತದೆ. ಈಗಷ್ಟೇ ಕಿತ್ತ ಬೇರನ್ನು ದೀಪಕ್ಕೆ ಹಿಡಿದು ನೋಡಿದರೆ ತಿಳಿಯುತ್ತದೆ. ನೆನೆಸಿದ ಬಾದಾಮಿಯ ಸಿಪ್ಪೆಯಷ್ಟು ತೆಳುವಾದ, ಒದ್ದೆಯಾಗಿ ಮಿನುಗುವ ಗುಲಾಬಿ ಹೊದಿಕೆ. ಒಣಗಿದರೆ ಮಿನುಗು ಹೋಗಿ ಮಂಕಾಗುತ್ತದೆ. ನಮ್ಮ ಗಡಿಬಿಡಿಯೆಲ್ಲ ಆ ಹೊದಿಕೆಗಾಗಿ.

ಅದು ಬದುಕಿದ್ದರೆ ಹರಿದ ನಾರುಗಳು ಎರಡು ಮೂರು ವಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಅಲ್ಲಲ್ಲಿ ಚೂರು ಸತ್ತಿದ್ದರೂ ಅಕ್ಕಪಕ್ಕದ ಜೀವಕೋಶ ಬಂದು ಹೊಸ ಸಿಮೆಂಟಮ್ ಕಟ್ಟಿ ತೇಪೆ ಹಾಕುತ್ತವೆ. ಆದರೆ ದೊಡ್ಡ ಭಾಗವೇ ಸತ್ತಿದ್ದರೆ ಆ ಜಾಗಕ್ಕೆ ಮೂಳೆಯ ಕೋಶಗಳು ಮೊದಲು ಬರುತ್ತವೆ. ಮೂಳೆ ಅನ್ನೋದು ಸದಾ ತನ್ನನ್ನು ಕರಗಿಸಿಕೊಳ್ಳುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವಂಥದ್ದು. ನಡುವೆ ಪಿಡಿಎಲ್ ಎಂಬ ಬೇಲಿ ಇಲ್ಲದಿದ್ದರೆ ಬೇರನ್ನೂ ತನ್ನದೇ ಭಾಗ ಅಂದುಕೊಂಡು ಕರಗಿಸಿ ಆ ಜಾಗದಲ್ಲಿ ಮೂಳೆ ತುಂಬುತ್ತದೆ. ಹಲ್ಲು ಮೂಳೆಗೆ ಬೆಸೆದುಕೊಂಡ ಸ್ಥಿತಿಗೆ ಆಂಕೈಲೋಸಿಸ್ ಅಂತಾರೆ. ಬೇರು ವರ್ಷ ವರ್ಷ ಸವೆಯುತ್ತದೆ. ಇದನ್ನು ನಿಲ್ಲಿಸುವ ಔಷಧಿ ನಮ್ಮ ಕೈಯಲ್ಲಿಲ್ಲ.

ಬೇರು ಕರಗುವ ಇನ್ನೊಂದು ಬಗೆ ಸೋಂಕಿನಿಂದ ಬರುವಂಥದ್ದು. ಹಲ್ಲಿನೊಳಗಿನ ಸತ್ತ ತಿರುಳಿನ ನಂಜು ಬೇರಿನ ಗೋಡೆ ದಾಟಿ ಹೊರಗೆ ಬಂದು, ಕೆಲವೇ ತಿಂಗಳಲ್ಲಿ ಬೇರು ತಿಂದುಹಾಕಬಹುದು. ಆದರೆ ಇದನ್ನು ರೂಟ್ ಕೆನಾಲ್ ಮಾಡಿ ತಡೆಯಬಹುದು. ನಿಮ್ಮ ಹಲ್ಲಿಗೆ ಅದು ಆಗಲೇ ಆಗಿದೆ, ತುದಿಯನ್ನೂ ಮುಚ್ಚುತ್ತಾರೆ. ಹಾಗಾಗಿ ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಆ ಹೊದಿಕೆಯೇ.

ಇನ್ನು ಕೇಳಬೇಕಾದದ್ದು. ಎಲಿವೇಟರ್ ಅಂತ ಒಂದು ಸಲಕರಣೆ ಇದೆ, ಹಲ್ಲು ಕೀಳುವಾಗ ಬೇರಿನ ಪಕ್ಕ ತೂರಿಸಿ ಮೀಟುತ್ತೇವೆ. ಈ ಕೆಲಸದಲ್ಲಿ ಅದು ಬೇಡ. ಮೀಟಿದ ಕಡೆ ಸಿಮೆಂಟಮ್ ಕೆತ್ತಿಹೋಗುತ್ತದೆ. ಫೋರ್ಸೆಪ್ಸ್‌ನ (ಹಲ್ಲು ಕೀಳುವ ಇಕ್ಕಳ) ಕೊಕ್ಕು ಹಲ್ಲಿನ ತಲೆಯನ್ನು ಮಾತ್ರ ಹಿಡಿಯಬೇಕು, ಬೇರಿಗೆ ಇಳಿಯಬಾರದು. ನಿಧಾನವಾಗಿ ಆಚೆ ಈಚೆ ಅಲ್ಲಾಡಿಸಿ ಸಡಿಲ ಮಾಡಬೇಕು, ಇದಕ್ಕೇ ಎಷ್ಟೋ ಹೊತ್ತು ಹಿಡಿಯಬಹುದು, ಪರವಾಗಿಲ್ಲ. ಒಳಗಿರುವಷ್ಟು ಹೊತ್ತು ಗಡಿಯಾರ ಓಡುವುದಿಲ್ಲ; ಹೊರಗೆ ಬಂದ ಮೇಲೆ ಓಡುತ್ತದೆ. ಹೊರಗಿರುವಾಗ ಒಬ್ಬರು ಸಹಾಯಕರು ಬೇರಿನ ಮೇಲೆ ಸಲೈನ್ ಅಥವಾ ಹ್ಯಾಂಕ್ಸ್ ದ್ರಾವಣ (ಜೀವಕೋಶಗಳನ್ನು ಬದುಕಿಸಿಡುವ ಲವಣದ್ರಾವಣ) ಬಿಡುತ್ತಲೇ ಇರಬೇಕು. ಗಾಜ್ ಬಟ್ಟೆಯಲ್ಲಿ ಒರೆಸಬಾರದು. ಗೂಡಿನ ಗೋಡೆಯನ್ನು ಕೆರೆಯಬಾರದು, ಅಲ್ಲೂ ಅರ್ಧ ಪಿಡಿಎಲ್ ಇದೆಯಲ್ಲ. ನಿಮ್ಮ ಹಲ್ಲಿಗೆ ಕ್ಯಾಪ್ ಇದೆ ಅಂದಿರಿ, ಅದು ಗಟ್ಟಿಯಾಗಿ ಕೂತಿದೆಯಾ ನೋಡಿಸಿ. ಫೋರ್ಸೆಪ್ಸ್ ಹಿಡಿದಾಗ ಕ್ಯಾಪ್ ಕಳಚಿ ಬಂದರೆ ಕೈ ಜಾರಿ ಬೇರಿಗೆ ಪೆಟ್ಟು ಬೀಳುತ್ತದೆ.

ಬೇರುಗಳು ಕವಲೊಡೆದು ಅಗಲವಾಗಿದ್ದರೆ ಅಥವಾ ತುಂಬ ಬಾಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ, ಕೀಳುವಾಗಲೇ ಮುರಿಯುತ್ತವೆ. ನಿಮ್ಮದು ಹೇಗಿದೆ ಸ್ಕ್ಯಾನ್‌ನಲ್ಲಿ?

ರಾಜಾಜಿನಗರದವ

ಎರಡು ಬೇರೂ ಒಂದಕ್ಕೊಂದು ಅಂಟಿಕೊಂಡು ಕೋನ್ ಐಸ್‌ಕ್ರೀಮಿನ ಹಾಗಿವೆ ಮೇಡಂ. ಅದಕ್ಕೇ ಧೈರ್ಯ ಮಾಡ್ತಿದೀನಿ ಅಂದರು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್.

ಲಾಲ್‌ಬಾಗ್ ಪಕ್ಕದ ಮನೆ

ನಾನು ಡಾಕ್ಟ್ರಲ್ಲ, ನರ್ಸರಿ ಇಟ್ಟುಕೊಂಡಿದ್ದೆ. ಇದು ಓದುತ್ತ ಸಸಿ ಕಿತ್ತು ನೆಡೋದೇ ನೆನಪಾಯ್ತು. ಮಡಿಯಿಂದ ಸಸಿ ಕಿತ್ತ ಮೇಲೆ ಬೇರನ್ನ ಬಿಸಿಲಿಗೆ ಬಿಡಬಾರದು, ಒದ್ದೆ ಗೋಣಿ ಮುಚ್ಚಬೇಕು, ಬೇರಿಗೆ ಅಂಟಿದ ಮಣ್ಣು ತೊಳೀಬಾರದು. ಹೊಸದಾಗಿ ಬಂದ ಹುಡುಗರು ನೀಟಾಗಿ ಕಾಣಲಿ ಅಂತ ಮಣ್ಣು ತೊಳೆದು ಇಡೋರು, ಆ ಗಿಡ ಬಾಡೋದು.

ಬನಶಂಕರಿ ದಂತವೈದ್ಯೆ

ಒದ್ದೆ ಗೋಣಿಯ ಮಾತು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಸಾರ್. ಒಂದೇ ವ್ಯತ್ಯಾಸ: ಗಿಡ ಹೊಸ ಬೇರು ಬಿಡುತ್ತದೆ, ಹಲ್ಲು ಬಿಡುವುದಿಲ್ಲ. ಬೇರಿನ ಮೇಲೆ ಉಳಿದುಬಂದ ಕೋಶಗಳೇ ನಮ್ಮ ಬಂಡವಾಳ.

ಹನುಮಂತನಗರದ ಅಮ್ಮ

ಮೂರು ವರ್ಷದಿಂದ ಇದನ್ನ ಎಲ್ಲಾದರೂ ಬರೀಬೇಕು ಅಂತಿದ್ದೆ. ಇಲ್ಲಿ ಬರೀತೀನಿ.

ನನ್ನ ಮಗನಿಗೆ ಆಗ ಒಂಬತ್ತು. ಶಾಲೆಯಲ್ಲಿ ಆಟದ ಪೀರಿಯಡ್, ಓಡುವಾಗ ಬಿದ್ದು ನೀರಿನ ತೊಟ್ಟಿಯ ಅಂಚು ಬಾಯಿಗೆ ಬಡಿಯಿತು. ಮೇಲಿನ ಮುಂದಿನ ಹಲ್ಲು, ಶಾಶ್ವತ ಹಲ್ಲು, ಬೇರು ಸಮೇತ ಹೊರಗೆ. ಹತ್ತೂವರೆಗೆ ಬಿದ್ದಿದ್ದು. ಆಯಾ ಪಾಪ ಒಳ್ಳೇ ಮನಸ್ಸಿನಿಂದಲೇ ಹಲ್ಲು ಹುಡುಕಿ ತಂದು, ಮಣ್ಣಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದಾಳೆ. ಆಮೇಲೆ ಟಿಶ್ಯೂ ಪೇಪರ್‌ನಲ್ಲಿ ಸುತ್ತಿ ಅವನ ಜಾಮಿಟ್ರಿ ಬಾಕ್ಸ್‌ನಲ್ಲಿ ಇಟ್ಟಿದ್ದಾಳೆ. ನನಗೆ ಫೋನ್ ಬಂದಿದ್ದು ಹನ್ನೊಂದೂ ಕಾಲಿಗೆ.

ಹತ್ತಿರದ ಕ್ಲಿನಿಕ್ಕಿಗೆ ಓಡಿದೆ. ರಿಸೆಪ್ಷನ್‌ನಲ್ಲಿದ್ದ ಹುಡುಗಿ, "ಡಾಕ್ಟ್ರು ಐದು ಗಂಟೆಗೆ ಬರ್ತಾರೆ ಮೇಡಂ, ರಕ್ತ ನಿಂತಿದೆಯಲ್ಲ, ಸಂಜೆ ಕರ್ಕೊಂಡು ಬನ್ನಿ" ಅಂದಳು. ನನಗೂ ಗೊತ್ತಿರಲಿಲ್ಲ, ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತೆ, ಡಾಕ್ಟ್ರು ಬೇಗ ಬಂದಾರೇನೋ ಅಂತ. ಅಲ್ಲಿ ನಮ್ಮ ಎದುರಿಗೇ ಒಂದು ಹಾಲಿನ ಬೂತ್. ಈಗಲೂ ಆ ರಸ್ತೆಯಲ್ಲಿ ಹೋದರೆ ಆ ಬೂತ್ ಕಡೆ ನೋಡೋಕಾಗಲ್ಲ. ಹಲ್ಲನ್ನ ಹಾಲಲ್ಲಿ ಹಾಕಿಡಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು. ಇಪ್ಪತ್ತೈದು ರೂಪಾಯಿ ಒಳಗಿನ ಮಾತು.

ಅಕ್ಕನಿಗೆ ಫೋನ್ ಮಾಡಿದ ಮೇಲೆ ಜಯನಗರಕ್ಕೆ ಹೋಗಿದ್ದು. ಆಟೋ ಸೌತ್ ಎಂಡ್ ಸರ್ಕಲ್‌ನಲ್ಲಿ ನಿಂತಿದ್ದು ನಿಂತಿದ್ದೇ. ಅಲ್ಲಿಯ ಡಾಕ್ಟ್ರು ಟಿಶ್ಯೂ ಬಿಡಿಸಿದಾಗ ಕಾಗದ ಬೇರಿಗೆ ಅಂಟಿಕೊಂಡಿತ್ತು, ಚೂರು ಚೂರಾಗಿ ಬಂತು. ಅವರು ಮುಖ ಸಣ್ಣ ಮಾಡಿಕೊಂಡು, "ಅಮ್ಮಾ, ಸುಳ್ಳು ಹೇಳಲ್ಲ. ಈ ಬೇರಿನ ಮೇಲೆ ಜೀವ ಉಳಿದಿಲ್ಲ. ಆದರೂ ಕೂರಿಸ್ತೀನಿ, ಬೆಳೆಯೋ ಹುಡುಗ, ಅಲ್ಲಿಯ ಮೂಳೆ ಉಳೀಬೇಕು" ಅಂದರು. ಒಂದೂಮುಕ್ಕಾಲಿಗೆ ಕೂರಿಸಿ ತಂತಿ ಹಾಕಿದರು.

ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಕನ್ನಡಿ ಹಿಡಿಯ ಹಿಂಭಾಗದಿಂದ ಹಲ್ಲು ತಟ್ಟಿ ನೋಡಿದಾಗ ಪಕ್ಕದ್ದು ಮೆತ್ತಗೆ ಟಕ್ ಅನ್ನುತ್ತೆ, ಇದು ಸ್ಟೀಲ್ ಲೋಟ ತಟ್ಟಿದ ಹಾಗೆ ಟಣ್ ಅನ್ನುತ್ತೆ. ಹಲ್ಲು ಮೂಳೆಗೆ ಬೆಸೆದುಕೊಂಡಿದೆ ಅಂತ ಅದರ ಅರ್ಥವಂತೆ. ಈಗ ಅವನಿಗೆ ಹನ್ನೆರಡು. ಮಿಕ್ಕ ಹಲ್ಲುಗಳು ದವಡೆ ಜೊತೆ ಇಳಿದು ಬಂದಿವೆ, ಇದೊಂದು ಮೇಲೇ ನಿಂತಿದೆ, ಎರಡು ಮಿಲಿಮೀಟರ್ ಗಿಡ್ಡ. ಫೋಟೊ ಅಂದರೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಡಿಕೊರೊನೇಶನ್ ಮಾಡೋಣ ಅಂತಿದಾರೆ. ನಿಮಗೆ ಯಾರಿಗಾದರೂ ಅದರ ಬಗ್ಗೆ ಗೊತ್ತಾ?

ಬನಶಂಕರಿ ದಂತವೈದ್ಯೆ

ಅಮ್ಮಾ, ಓದಿ ಸಂಕಟ ಆಯ್ತು. ಎರಡು ವಿಷಯ ಹೇಳಲೇಬೇಕು. ಮೊದಲನೆಯದು, ನೀವು ಗೊತ್ತಿದ್ದೂ ತಡ ಮಾಡಿದವರಲ್ಲ. ಎರಡನೆಯದು, ಜಯನಗರದ ಡಾಕ್ಟ್ರು ಮಾಡಿದ್ದು ಸರಿ. ಬೇರಿನ ಪದರ ಸತ್ತಿದ್ದರೂ ಮಕ್ಕಳಲ್ಲಿ ಹಲ್ಲನ್ನು ಕೂರಿಸಿಯೇ ತೀರುತ್ತೇವೆ. ಇಲ್ಲದಿದ್ದರೆ ಆ ಜಾಗದ ಮೂಳೆ ಬೇಗ ಕುಗ್ಗುತ್ತದೆ.

ಡಿಕೊರೊನೇಶನ್ ಅಂದರೆ ಹಲ್ಲಿನ ತಲೆಯನ್ನು ಮೂಳೆ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿ ತೆಗೆದು, ಬೇರನ್ನು ಒಳಗೇ ಬಿಡುವುದು. ರೂಟ್ ಕೆನಾಲ್‌ನಲ್ಲಿ ತುಂಬಿದ್ದನ್ನೂ ತೆಗೆದು ಅಲ್ಲಿ ರಕ್ತ ತುಂಬಲು ಬಿಟ್ಟು ವಸಡು ಮುಚ್ಚುತ್ತಾರೆ. ಆ ಬೇರು ನಿಧಾನಕ್ಕೆ ಕರಗಿ ಮೂಳೆಯಾಗುತ್ತದೆ, ದವಡೆಯ ಅಗಲ ಉಳಿಯುತ್ತದೆ, ಮೇಲೆ ಹೊಸ ಮೂಳೆಯೂ ಬೆಳೆಯುತ್ತದೆ. ಬೆಸೆದುಕೊಂಡ ಹಲ್ಲನ್ನು ಕೀಳಲು ಹೋದರೆ ಮೂಳೆಯೂ ಕಿತ್ತು ಬರುತ್ತದೆ, ಅದಕ್ಕೇ ಈ ದಾರಿ. ಬೆಳವಣಿಗೆ ಮುಗಿಯುವ ತನಕ ಅಕ್ಕಪಕ್ಕದ ಹಲ್ಲಿಗೆ ಅಂಟಿಸಿದ ಹಲ್ಲು ಇಡುತ್ತಾರೆ, ನೋಡುವವರಿಗೆ ತಿಳಿಯುವುದಿಲ್ಲ. ಅವನ ಮೈ ಬೇಗ ಬೇಗ ಎತ್ತರವಾಗುವ ಕಾಲಕ್ಕೆ ಮುಂಚೆ ಮಾಡಿಸಿದರೆ ಒಳ್ಳೆಯದು, ಹಾಗಾಗಿ ಹೆಚ್ಚು ಮುಂದೂಡಬೇಡಿ.

ಪಿಟಿ ಮೇಷ್ಟ್ರು

ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು. ಮೇಲಿನ ತಾಯಿಯ ಬರಹ ಓದಿ ಕೈ ನಡುಗಿತು, ಯಾಕೆಂದರೆ ನಾನಿದ್ದರೂ ಆ ಆಯಾ ಮಾಡಿದ್ದನ್ನೇ ಮಾಡುತ್ತಿದ್ದೆ. ಕೊಳೆಯಾದದ್ದನ್ನು ತೊಳೆದು ಒಣಗಿಸಿ ಇಡೋದು ಅಲ್ವಾ ನಮಗೆ ಗೊತ್ತಿರೋದು. ಡಾಕ್ಟ್ರೇ, ನಮ್ಮಂಥವರಿಗೆ ನೇರವಾಗಿ ಹೇಳಿ: ಮೈದಾನದಲ್ಲಿ ಹಲ್ಲು ಬಿದ್ದ ಕ್ಷಣದಿಂದ ಏನು ಮಾಡಬೇಕು? ಎಳನೀರು ಒಳ್ಳೆಯದು ಅಂತ ಯಾರೋ ವಾಟ್ಸಾಪ್‌ನಲ್ಲಿ ಹಾಕಿದ್ದರು. ನಮ್ಮ ಶಾಲೆ ಗೇಟಿನ ಹೊರಗೇ ಎಳನೀರು ಗಾಡಿ ಇದೆ.

ಬನಶಂಕರಿ ದಂತವೈದ್ಯೆ

ಮೇಷ್ಟ್ರೇ, ಮೊದಲು ನೋಡಬೇಕಾದ್ದು ಹಾಲುಹಲ್ಲೋ ಶಾಶ್ವತ ಹಲ್ಲೋ ಅಂತ. ಹಾಲುಹಲ್ಲನ್ನು ವಾಪಸ್ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಗ್ಗಿಗೆ ಪೆಟ್ಟಾಗುತ್ತದೆ. ಪ್ರೌಢಶಾಲೆಯ ಮಕ್ಕಳ ಮುಂದಿನ ಹಲ್ಲು ಶಾಶ್ವತ ಹಲ್ಲೇ.

ಹಲ್ಲನ್ನು ಎತ್ತುವಾಗ ನಾವು ನಗುವಾಗ ಕಾಣುತ್ತದಲ್ಲ, ಆ ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ. ಹಳದಿ ಬೇರಿಗೆ ಬೆರಳು ತಾಗಬಾರದು. ಮಣ್ಣಾಗಿದ್ದರೆ ಹಾಲಲ್ಲೋ ಸಲೈನ್‌ನಲ್ಲೋ ಅದ್ದಿ ಜಾಲಾಡಿಸಿ. ಏನೂ ಇಲ್ಲದಿದ್ದರೆ ನಲ್ಲಿ ನೀರು ಕೆಲವೇ ಸೆಕೆಂಡು, ಉಜ್ಜುವಂತಿಲ್ಲ. ಆಮೇಲೆ, ಮಗು ಎಚ್ಚರವಾಗಿದ್ದು ಮಾತಾಡುತ್ತಿದ್ದರೆ, ಹಲ್ಲನ್ನು ಪಕ್ಕದ ಹಲ್ಲಿನ ಸಾಲಿಗೆ ಸರಿಯಾಗಿ ಹಿಡಿದು ಅದೇ ಗೂಡಿಗೆ ಮೆತ್ತಗೆ ಒತ್ತಿಬಿಡಿ. ಒಂದು ಕರವಸ್ತ್ರ ಮಡಚಿ ಕೊಟ್ಟು ಕಚ್ಚಿ ಹಿಡಿ ಅನ್ನಿ, ದಂತವೈದ್ಯರ ಹತ್ತಿರ ಹೊರಡಿ. ಇದಕ್ಕಿಂತ ಒಳ್ಳೆಯ ಡಬ್ಬಿ ಲೋಕದಲ್ಲಿಲ್ಲ. ಧೈರ್ಯ ಬರುವುದಿಲ್ಲ ಅಂತ ನನಗೂ ಗೊತ್ತು, ಆದರೆ ಆ ಹೊತ್ತಿಗೆ ಜಾಗ ಮರಗಟ್ಟಿರುತ್ತದೆ, ನೀವು ಅಂದುಕೊಂಡಷ್ಟು ನೋವಾಗುವುದಿಲ್ಲ.

ಆಗುವುದೇ ಇಲ್ಲ ಅಂದರೆ ಹಾಲು. ನಂದಿನಿ ಪ್ಯಾಕೆಟ್ ನೀಲಿಯಾದರೂ ಸರಿ, ಹಸಿರಾದರೂ ಸರಿ, ತಣ್ಣಗಿದ್ದರೆ ಇನ್ನೂ ಒಳ್ಳೆಯದು. ಹಾಲಿನಲ್ಲಿರುವ ಲವಣಾಂಶ ನಮ್ಮ ಜೀವಕೋಶಗಳಿಗೆ ಒಗ್ಗುವಷ್ಟೇ ಇದೆ, ಹುಳಿಯಿಲ್ಲ, ಪಾಶ್ಚರೀಕರಿಸಿದ್ದರಿಂದ ರೋಗಾಣುಗಳೂ ಕಡಿಮೆ. ನೀರಿನಲ್ಲಿ ಲವಣವಿಲ್ಲ, ಕೋಶಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಆದರೂ ಒಣಗಲು ಬಿಡುವುದಕ್ಕಿಂತ ನೀರೇ ವಾಸಿ. ಮೊಸರು, ಮಜ್ಜಿಗೆ ಬೇಡ. ಡೆಟಾಲ್, ಸ್ಪಿರಿಟ್, ಬೆಟಾಡಿನ್ ಬೇಡವೇ ಬೇಡ. ಹಾಲೂ ಸಿಗದಿದ್ದರೆ ಒಂದು ಲೋಟಕ್ಕೆ ಆ ಮಗುವಿನ ಕೈಲೇ ಉಗುಳಿಸಿ, ಆ ಎಂಜಲಲ್ಲಿ ಹಲ್ಲು ಇಡಿ.

ಎಳನೀರಿನ ಬಗ್ಗೆ: ನಮ್ಮ ದೇಶದಲ್ಲೇ ಪ್ರಯೋಗಗಳು ನಡೆದಿವೆ, ಕೆಲವಲ್ಲಿ ಒಳ್ಳೆಯ ಫಲ ಬಂದಿದೆ. ಆದರೆ ಎಳನೀರು ಸ್ವಲ್ಪ ಹುಳಿ ಗುಣದ್ದು, ಅದರಿಂದ ಕೋಶಗಳಿಗೆ ತೊಂದರೆ ಅಂತ ತೋರಿಸಿದ ಪ್ರಯೋಗಗಳೂ ಇವೆ. ಅಂತರರಾಷ್ಟ್ರೀಯ ದಂತ ಅಪಘಾತ ಚಿಕಿತ್ಸಾ ಸಂಘದ 2020ರ ಮಾರ್ಗಸೂಚಿಯ ಸಾಲಿನಲ್ಲಿ ಮೊದಲು ಹಾಲು ಇದೆ, ಆಮೇಲೆ ಹ್ಯಾಂಕ್ಸ್ ದ್ರಾವಣ, ಎಂಜಲು, ಸಲೈನ್. ಎಳನೀರು ಇಲ್ಲ. ಬೆಂಗಳೂರಲ್ಲಿ ಯಾವ ಬೀದಿಯಲ್ಲಿ ಹಾಲು ಸಿಗುವುದಿಲ್ಲ ಹೇಳಿ? ನಾನು ಹಾಲಿಗೇ ನಿಲ್ಲುತ್ತೇನೆ.

ಒಣಗಿದ ಸ್ಥಿತಿಯಲ್ಲಿ ಅರ್ಧ ಗಂಟೆ ಕಳೆದರೆ ಬಹುಪಾಲು ಕೋಶಗಳು ಸತ್ತಿರುತ್ತವೆ. ಒಂದು ಗಂಟೆ ದಾಟಿದರೆ ಉಳಿದಿವೆ ಅಂತ ಲೆಕ್ಕವೇ ಹಾಕುವುದಿಲ್ಲ. ಟೆಟನಸ್ ಚುಚ್ಚುಮದ್ದು ಆಗಿದೆಯಾ ಅಂತ ಕೇಳುವುದನ್ನೂ ಮರೆಯಬೇಡಿ.

ಹಳೇ ಪುಸ್ತಕದ ಹುಚ್ಚು

ರಾಜಾಜಿನಗರದವರ ಅಮ್ಮನಿಗೆ ಹೇಳಿ, ಇದು ನಿನ್ನೆ ಮೊನ್ನೆಯ ಸಾಹಸವಲ್ಲ. 16ನೇ ಶತಮಾನದಲ್ಲೇ ಫ್ರಾನ್ಸಿನ ಆಂಬ್ರೋಸ್ ಪಾರೆ ಬಿದ್ದ ಹಲ್ಲನ್ನು ಕೂರಿಸಿ ಪಕ್ಕದ್ದಕ್ಕೆ ಕಟ್ಟುವ ಬಗ್ಗೆ ಬರೆದಿದ್ದಾನೆ. 18ನೇ ಶತಮಾನದಲ್ಲಿ ಲಂಡನ್ನಿನ ಜಾನ್ ಹಂಟರ್ ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿಗೆ ನೆಟ್ಟು ನೋಡಿದ್ದ. ಆದರೆ ಹೊರಗಿದ್ದ ಹೊತ್ತಿಗೂ ಬೇರು ಕರಗುವುದಕ್ಕೂ ಇರುವ ನಂಟನ್ನು ಎಣಿಸಿ ತೋರಿಸಿದ್ದು ಡೆನ್ಮಾರ್ಕಿನ ಆಂಡ್ರಿಯಾಸನ್ ಮತ್ತು ಯೊರ್ಟಿಂಗ್ ಹ್ಯಾನ್ಸನ್, 1966ರಲ್ಲಿ. 110 ಹಲ್ಲುಗಳನ್ನು ಹಿಂಬಾಲಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ 90 ಶೇಕಡಾ ಹಲ್ಲುಗಳ ಬೇರು ಕರಗಲಿಲ್ಲ. ಎರಡು ಗಂಟೆ ದಾಟಿದವುಗಳಲ್ಲಿ 95 ಶೇಕಡಾ ಕರಗಿದವು.

ವೈಟ್‌ಫೀಲ್ಡ್ ಟೆಕ್ಕಿ

ಇಷ್ಟೆಲ್ಲ ಯಾಕೆ? ಕಿತ್ತು ಇಂಪ್ಲಾಂಟ್ (ಮೂಳೆಗೆ ಲೋಹದ ತಿರುಪು ಕೂರಿಸಿ ಹಾಕುವ ಕೃತಕ ಹಲ್ಲು) ಹಾಕಿಸಿಕೊಂಡರೆ ಮುಗೀತಲ್ಲ. ನಾನು ಹಾಕಿಸಿದೀನಿ, ಆರಾಮಾಗಿದೀನಿ.

ಬನಶಂಕರಿ ದಂತವೈದ್ಯೆ

ನಿಮ್ಮ ಇಂಪ್ಲಾಂಟ್ ಚೆನ್ನಾಗಿದ್ದರೆ ಸಂತೋಷ, ನಾನೂ ಎಷ್ಟೋ ಜನರಿಗೆ ಅದನ್ನೇ ಹೇಳಿ ಕಳಿಸುತ್ತೇನೆ. ಆದರೆ ಇಂಪ್ಲಾಂಟ್ ಮೂಳೆಗೆ ನೇರ ಬೆಸೆದಿರುತ್ತದೆ, ಪಿಡಿಎಲ್ ಇಲ್ಲ. ಕಚ್ಚುವ ಒತ್ತಡದ ಆ ಸೂಕ್ಷ್ಮ ಅರಿವು ಅದಕ್ಕಿಲ್ಲ. ಈ ಪ್ರಯತ್ನ ಸೋತರೆ ಇಂಪ್ಲಾಂಟ್ ದಾರಿ ಆಮೇಲೂ ತೆರೆದೇ ಇರುತ್ತದೆ. ಕಿತ್ತು ಎಸೆದ ಮೇಲೆ ಸ್ವಂತ ಹಲ್ಲಿನ ದಾರಿ ಮುಚ್ಚುತ್ತದೆ. ಮೇಲಿನ ಹುಡುಗನ ವಯಸ್ಸಲ್ಲಂತೂ ಇಂಪ್ಲಾಂಟ್ ಹಾಕುವಂತೆಯೇ ಇಲ್ಲ. ದವಡೆ ಬೆಳೆಯುತ್ತದೆ, ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ.

ವಿಜಯನಗರ ಅಜ್ಜ

ನನಗೆ ಇದೇ ಕೆಲಸ ಆಗಿ ನಾಲ್ಕು ವರ್ಷ. ರಾಜಾಜಿನಗರದ ತಮ್ಮಾ, ಹೆದರಬೇಡ. ಒಂದು ಮಾತ್ರ ಮೊದಲೇ ತಿಳಿದುಕೊಂಡು ಹೋಗು: ಕೀಳುವಾಗ ಹಲ್ಲು ಮುರಿದರೆ ವಾಪಸ್ ಕೂರಿಸೋಕಾಗಲ್ಲ ಅಂತ ನನ್ನ ಹತ್ತಿರ ಸಹಿ ಹಾಕಿಸಿಕೊಂಡಿದ್ದರು. ಹೊರಗೆ ತೆಗೆದ ಮೇಲೆ ಬೇರಿನಲ್ಲಿ ಉದ್ದಕ್ಕೆ ಸೀಳು ಕಂಡರೂ ಅಷ್ಟೇ, ಬಿಸಾಕಬೇಕು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರು. ಬೀಡಿ ಸಿಗರೇಟು ಇದ್ದರೆ ಬಿಡು.

ಕೆ.ಆರ್. ಮಾರ್ಕೆಟ್ ಹತ್ತಿರ

ದುಡ್ಡಿನ ತೊಂದರೆ ಇರೋರಿಗೆ ಒಂದು ಮಾಹಿತಿ. ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. ಪೆಟ್ಟು ಬಿದ್ದು ಹಲ್ಲು ಕೈಯಲ್ಲಿ ಹಿಡಿದುಕೊಂಡು ಬಂದಿದ್ದೀರಿ ಅಂತ ಕೌಂಟರ್‌ನಲ್ಲಿ ಜೋರಾಗಿ ಹೇಳಿ, ಚೀಟಿ ಸಾಲಲ್ಲಿ ಸುಮ್ಮನೆ ನಿಲ್ಲಬೇಡಿ.

ರಾಜಾಜಿನಗರದವ

ಎರಡು ವಾರ ಆಯ್ತು, ಎಲ್ಲರೂ ಕೇಳ್ತಿದ್ದೀರಿ. ಮೊನ್ನೆ ಬುಧವಾರ ಮಾಡಿಸಿಕೊಂಡೆ.

ಮರಗಟ್ಟುವ ಇಂಜೆಕ್ಷನ್ ಆದ ಮೇಲೆ ಅಲ್ಲಾಡಿಸೋಕೆ ಶುರು ಮಾಡಿದರು. ಮುಕ್ಕಾಲು ಗಂಟೆ. ನಡುನಡುವೆ ನಿಲ್ಲಿಸಿ ಕೈ ಕೊಡವಿಕೊಂಡರು, ಮತ್ತೆ ಶುರು. ಎಲಿವೇಟರ್ ಮುಟ್ಟಲೇ ಇಲ್ಲ. ಹಲ್ಲು ಬಂದ ಕೂಡಲೇ ಫೋರ್ಸೆಪ್ಸ್ ಹಿಡಿಕೆಗೆ ಒಂದು ರಬ್ಬರ್ ಬ್ಯಾಂಡ್ ಬಿಗಿದರು, ಹಿಡಿತ ಸಡಿಲ ಆಗದಿರಲಿ ಅಂತ. ಕೂರಿಸೋ ತನಕ ಆ ಹಿಡಿತ ಬಿಚ್ಚಲಿಲ್ಲ. ನನಗೆ ಒಂದೇ ಕ್ಷಣ ತೋರಿಸಿದರು. ಮೇಡಂ ಬರೆದಿದ್ದ ಹಾಗೇ, ನೆನೆಸಿದ ಬಾದಾಮಿ ಸಿಪ್ಪೆ. ಒಬ್ಬ ಸಿಸ್ಟರ್ ಸಿರಿಂಜ್‌ನಲ್ಲಿ ಸಲೈನ್ ಬಿಡ್ತಾನೇ ಇದ್ದರು, ಇನ್ನೊಬ್ಬರು "ಎರಡು ನಿಮಿಷ... ಮೂರು ನಿಮಿಷ" ಅಂತ ಕೂಗಿ ಹೇಳ್ತಿದ್ದರು. ಮೈಕ್ರೋಸ್ಕೋಪ್ ಕೆಳಗೆ ನೀಲಿ ಬಣ್ಣ ಹಚ್ಚಿ ಸೀಳಿದೆಯಾ ನೋಡಿದರು, ಇರಲಿಲ್ಲ. ತುದಿಯಲ್ಲಿ ಎರಡು ಕಾಲುವೆಗಳ ನಡುವೆ ಕೂದಲೆಳೆಯಷ್ಟು ಸಂದಿ, ಅದರಲ್ಲಿ ಕಪ್ಪು ಕೊಳಕು. ಎರಡು ಸಲ ರೂಟ್ ಕೆನಾಲ್ ಮಾಡಿದರೂ ಸಿಗದೆ ಉಳಿದದ್ದು ಅದೇ. ತುದಿಯ 3 ಮಿಲಿಮೀಟರ್ ಕತ್ತರಿಸಿ, ಒಳಗೆ ಕೊರೆದು, ಬಿಳಿ ಪುಟ್ಟಿಯಂಥದ್ದು ತುಂಬಿದರು. "ಹನ್ನೊಂದು" ಅಂತ ಕೂಗುವಷ್ಟರಲ್ಲಿ ಹಲ್ಲು ಗೂಡಿನಲ್ಲಿತ್ತು. ಬೆರಳಲ್ಲಿ ಒತ್ತಿ, ಹತ್ತಿ ಉಂಡೆ ಕಚ್ಚಿಸಿ, ಪಕ್ಕದ ಹಲ್ಲಿಗೆ ಸಣ್ಣ ತಂತಿ ಅಂಟಿಸಿದರು.

ತಂತಿ ಯಾಕೆ ಇಷ್ಟು ತೆಳು, ಗಟ್ಟಿಯಾದದ್ದು ಹಾಕಬಾರದಾ ಅಂತ ಕೇಳಿದೆ. ಸ್ವಲ್ಪ ಅಲ್ಲಾಡೋಕೆ ಬಿಡಬೇಕಂತೆ, ಕದಲದಂತೆ ಬಿಗಿದರೆ ಮೂಳೆಗೆ ಬೆಸೆಯೋ ಸಾಧ್ಯತೆ ಹೆಚ್ಚಂತೆ. ಎರಡು ವಾರಕ್ಕೆ ಬಿಚ್ಚುತ್ತಾರೆ. ಅಲ್ಲೀತನಕ ಗಂಜಿ, ಮೆತ್ತಗಿನ ಅನ್ನ, ಮೆತ್ತನೆ ಬ್ರಷ್, ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯೋ ಔಷಧಿ. ಅಮ್ಮ ದಿನಾ ರಾಗಿ ಅಂಬಲಿ ಮಾಡಿ ಕೊಡ್ತಿದಾರೆ, ಹಲ್ಲಿನ ಬಗ್ಗೆ ಮಾತ್ರ ಏನೂ ಕೇಳಲ್ಲ.

ಹನುಮಂತನಗರದ ಅಮ್ಮ

ಚೆನ್ನಾಗಾಯ್ತಲ್ಲ ಬಿಡಿ. ನಮ್ಮ ಮಗನದ್ದು ಬೇಸಿಗೆ ರಜಾದಲ್ಲಿ ಅಂತ ಗೊತ್ತಾಗಿದೆ. ತಂತಿ ಬಿಚ್ಚಿದ ಮೇಲೆ ತಟ್ಟಿ ನೋಡ್ತಾರಲ್ಲ, ಆಗ ಯಾವ ಶಬ್ದ ಬಂತು ಹೇಳಿ.

ರಾಜಾಜಿನಗರದವ

ಆರು ತಿಂಗಳಾದ ಮೇಲೆ ಬರೀತಿದೀನಿ ಅಕ್ಕಾ. ತಂತಿ ಬಿಚ್ಚಿದ ದಿನವೂ ತಟ್ಟಿದರು, ಇವತ್ತೂ ತಟ್ಟಿದರು. ಮೊದಲು ಪಕ್ಕದ ಹಲ್ಲು, ಆಮೇಲೆ ಇದು, ಮತ್ತೆ ಪಕ್ಕದ್ದು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಎರಡೂ ಟಕ್ ಅಂತಲೇ ಅಂದವು. ಗುಳ್ಳೆ ಇದ್ದ ಜಾಗದಲ್ಲಿ ಈಗ ಬರೀ ವಸಡು. ಎಕ್ಸ್‌ರೇನಲ್ಲಿ ಬೇರಿನ ಸುತ್ತ ಸಣ್ಣ ಕಪ್ಪು ಗೆರೆ ಉದ್ದಕ್ಕೂ ಕಾಣ್ತಿದೆ, ಆ ಗೆರೆಯೇ ಪಿಡಿಎಲ್ ಜಾಗ ಅಂತ ಬೆರಳಿಟ್ಟು ತೋರಿಸಿದರು. ಒಂದು ವರ್ಷಕ್ಕೆ ಮತ್ತೆ ಬರೋಕೆ ಹೇಳಿದಾರೆ, ಆಮೇಲೆ ವರ್ಷಕ್ಕೊಂದು ಸಲ. ನಿಮ್ಮ ಮಗ ಹೇಗಿದಾನೆ?

ಹನುಮಂತನಗರದ ಅಮ್ಮ

ಹೊಲಿಗೆ ಬಿಚ್ಚಿ ಅಂಟಿಸಿದ ಹಲ್ಲು ಹಾಕಿದಾರೆ. ಮೊದಲ ಎರಡು ದಿನ ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ದ. ಶಾಲೆ ಗುರುತಿನ ಚೀಟಿಗೆ ಫೋಟೊ ತೆಗೆಸಬೇಕಿತ್ತು, ನಿನ್ನೆ ತೆಗೆಸಿಕೊಂಡು ಬಂದ. ಹಲ್ಲು ಕಾಣ್ತಿದೆ.